ಅನುಮಾನದ ಮಾವ
ಫೋಟೋ ಸ್ಟುಡಿಯೋದ ಮಾಲೀಕರನ್ನು ಬೀದಿಯವರೆಲ್ಲ ಅನುಮಾನದ ಮಾವ ಎಂದೇ ಕರೆಯುತ್ತಾರೆ. ಯಾರ ಮೊಬೈಲಿಗೆ ಯಾವ ವಿಡಿಯೋ ಬಂದರೂ ಅವರು ಭೂತಗನ್ನಡಿ ಹಿಡಿದು ಬಗ್ಗುತ್ತಾರೆ. "ಮುಖ ಬಿಡ್ರೋ, ಕಿವಿ ನೋಡಿ! ನಕಲಿ ವಿಡಿಯೋದಲ್ಲಿ ಮುಖಾನ ಯಂತ್ರ ಚೆನ್ನಾಗೇ ಮಾಡುತ್ತೆ, ಕಿವೀಲಿ ಸಿಕ್ಕಿಬೀಳುತ್ತೆ." ಕ್ಷೌರದಂಗಡಿಯವನು, "ಮಾವ, ನಿಮ್ಮ ಕಿವಿ ಮೇಲೂ ನನಗೆ ಡೌಟು," ಎಂದು ಕಿಚಾಯಿಸಿದರೆ ತಾವೂ ನಗುತ್ತಾರೆ. ಸ್ವಂತ ತಮ್ಮನೇ ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸಿದರೂ, "ನೀನೇನಾ?" ಎಂದು ತಿರುಗಿ ಫೋನ್ ಮಾಡುತ್ತಾರೆ. ಅಳುವ ದನಿಯೆಂದರೆ ಇನ್ನೂ ಎಚ್ಚರ: "ಕರಗಬೇಡಿ. ಫೋನ್ ಇಟ್ಟು, ಗೊತ್ತಿರೋ ನಂಬರಿಗೆ ನೀವೇ ಮಾಡಿ." ಹೋದ ವರ್ಷ ಅವರ ಹೆಂಡತಿ ಮಗಳ ಮನೆಗೆ ಹೋಗಿದ್ದಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು. "ಅಪ್ಪಾ, ಆಸ್ಪತ್ರೇಲಿದೀವಿ. ಅಮ್ಮ ಉಳಿಯಲ್ಲ ಅಂತಾರೆ, ನಿನ್ನನ್ನೇ ಕೇಳ್ತಿದಾಳೆ, ಬೇಗ ಬಾ!" "ನನ್ನ ಮಗಳ ದನಿ ಚೆನ್ನಾಗಿ ಕದ್ದಿದೀಯಮ್ಮ," ಎಂದು ಮಾವ ಫೋನ್ ಇಟ್ಟರು. ಮಗಳ ನಂಬರಿಗೆ ಮಾಡಿದರೆ ಆಫ್ ಆಗಿತ್ತು. ಮೋಸಗಾರರ ಕೆಲಸ ಇಂಥದ್ದೇ ಎಂದುಕೊಂಡು ಕ್ಷೌರದಂಗಡಿಗೆ ಹೋಗಿ, ಆ ಅಳುವನ್ನು ಅಣಕಿಸಿ ಎಲ್ಲರನ್ನೂ ನಗಿಸಿದರು. ಅದು ಮಗಳದೇ ಅಳು ಎಂದು ತಿಳಿದದ್ದು ಸಂಜೆ ಅಳಿಯ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಾಗ. ಮಗಳು ಅವತ್ತಿನಿಂದ ಮಾತು ಬಿಟ್ಟಿದ್ದಾಳೆ. ಮಾವ ಈಗಲೂ ಬೀದಿಗೆಲ್ಲ ಅದೇ ಬುದ್ಧಿ ಹೇಳುತ್ತಾರೆ. ಆದರೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಒಬ್ಬರೇ ಆಚೆ ಹೋಗಿ, ಎಂಥ ಸುಳ್ಳುಗಾರ ಮಾತಾಡಿದರೂ ಅವನಾಗಿಯೇ ಫೋನ್ ಇಡುವವರೆಗೆ ಕೇಳುತ್ತಾ ನಿಲ್ಲುತ್ತಾರೆ.