ಉಣುಗಿನ ಎಣ್ಣೆಯಲ್ಲಿ ಒರೆಸಿದ ವಾಕಿಟಾಕಿಗಳು

ನನ್ನದು ಮೊದಲಿನಿಂದಲೂ ಗಾಬರಿಯ ಸ್ವಭಾವ. ಬೀಗ ಹಾಕಿದ ಮೇಲೂ ಬಾಗಿಲನ್ನು ಎರಡು ಸಲ ಎಳೆದು ನೋಡುವ ಜಾತಿ. ಅಂಥವನ ಕೈಗೆ ಕೊಪ್ಪ ಕಡೆಯ ಅರಣ್ಯ ಕಚೇರಿಯೊಂದರಲ್ಲಿ ಆರು ವಾಕಿಟಾಕಿಗಳ ಉಸ್ತುವಾರಿ ಕೊಟ್ಟಿದ್ದರು. ಎರಡು ಸಾವಿರದ ದಶಕದ ಮಾತು. ಪೇಟೆಗೆ ಮೊಬೈಲು ಬಂದಿತ್ತು, ಗುಡ್ಡ ಹತ್ತಿದರೆ ಸಿಗ್ನಲ್ ಇರಲಿಲ್ಲ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ವಾಚರುಗಳಿಗೆ ಆ ಸೆಟ್ಟುಗಳೇ ಗತಿ.

ಆಯುಧಪೂಜೆಯ ದಿನ ನಮ್ಮವರು ಜೀಪು, ಕತ್ತಿ, ಬಂದೂಕುಗಳ ಜೊತೆ ವಾಕಿಟಾಕಿಗಳನ್ನೂ ಸಾಲಾಗಿ ನಿಲ್ಲಿಸಿ ಕುಂಕುಮ ಹಚ್ಚುತ್ತಿದ್ದರು. ಉದುರಬಾರದೆಂದು ಅದನ್ನು ಎಣ್ಣೆಯಲ್ಲಿ ಕಲಸಿ ಬೇರೆ ಹಚ್ಚುವುದು. ದೇವರು ಒಲಿದನೋ ಇಲ್ಲವೋ, ಕುಂಕುಮ ಮಾತ್ರ ಗುಂಡಿಗಳ ಸಂದಿಯಲ್ಲಿ ಕೂತು ಗಟ್ಟಿಯಾಗುತ್ತಿತ್ತು. ಆ ವರ್ಷ ಬೇಸಿಗೆಗೆ ಮುಂಚೆ ಮೇಲಧಿಕಾರಿ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಸೆಟ್ಟು ರಿಪೇರಿ ಮಾಡುವವನು ಮೊದಲೇ ಹೇಳಿದ್ದ: ಸೋಪುನೀರಿನಲ್ಲಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ, ಬೇರೇನೂ ಮುಟ್ಟಿಸಬೇಡಿ. ಹಾಗೇ ಮಾಡಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿಯೂ ನೋಡಿದೆ. ಕಲೆ ಜಪ್ಪಯ್ಯ ಎನ್ನಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಡಿಎಂಪಿ ಎಣ್ಣೆಯ ಬಾಟಲಿ. ಮಂಗನ ಕಾಯಿಲೆ ಹರಡುವ ಉಣುಗು ಹುಳ ಕಚ್ಚದಿರಲೆಂದು ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. ಸೀತೂರು ಕಡೆ ಹೋಗಿದ್ದ ಗಾರ್ಡ್ ಒಬ್ಬರು ತಂದಿಟ್ಟಿದ್ದರು. ಮನುಷ್ಯರ ಮೈಗೆ ಹಚ್ಚುವಂಥದ್ದು ಪ್ಲಾಸ್ಟಿಕ್ಕಿಗೆ ಏನು ಮಾಡೀತು ಎಂದುಕೊಂಡೆ. ಬಟ್ಟೆಗೆ ಹನಿಸಿ ಉಜ್ಜಿದರೆ ಕುಂಕುಮ ಸಲೀಸಾಗಿ ಬಂತು, ಸೆಟ್ಟು ಮಿರಿಮಿರಿ ಮಿಂಚಿತು. ಹೊಳಪು ಉಳಿಯಲೆಂದು ಆರಕ್ಕೂ ಇನ್ನೊಂದು ಕೈ ಹಚ್ಚಿ, ಕವರಿನಲ್ಲಿ ಬಿಗಿಯಾಗಿ ಸುತ್ತಿಟ್ಟೆ. ಬಂದ ಅಧಿಕಾರಿ ಹೊಗಳಿದರು, ನಾನು ಉಬ್ಬಿಹೋದೆ.

ಐದು ಸೆಟ್ಟು ಗುಡ್ಡಗಳಿಗೆ ಹೋದವು, ಒಂದು ಕಚೇರಿಯಲ್ಲಿ ಉಳಿಯಿತು. ಕೆಲವು ವಾರದ ಮೇಲೆ ಒಂದು ಬೆಳಿಗ್ಗೆ ಅದನ್ನು ಎತ್ತಿಕೊಂಡರೆ ಬೆರಳಿಗೆ ಅಂಟಿತು. ಹೆಬ್ಬೆರಳಿನ ಗುರುತು ಪ್ಲಾಸ್ಟಿಕ್ಕಿನ ಮೇಲೆ ಹಾಗೇ ಮೂಡಿತ್ತು. ಬ್ಯಾಟರಿ ಹಿಡಿದಿಡುವ ಕೊಂಡಿಯ ಸುತ್ತ ಕೂದಲೆಳೆಯಂಥ ಬಿರುಕುಗಳು. ಮೆಲ್ಲಗೆ ಒತ್ತಿದೆ. ಕೊಂಡಿ ಮುರಿದು ಕೈಗೆ ಬಂತು.

ಉಳಿದ ಐದಕ್ಕೂ ಅದೇ ಎಣ್ಣೆ, ಇದೇ ಕೈ. ಮೇಜಿನ ಮೇಲಿನ ದೊಡ್ಡ ಸೆಟ್ಟಿನಲ್ಲಿ ಒಬ್ಬೊಬ್ಬರನ್ನೇ ಕರೆದು, ಸೆಟ್ಟು ಜೋಪಾನ, ಬ್ಯಾಟರಿ ಭಾಗವನ್ನು ಹಗ್ಗದಲ್ಲಿ ಕಟ್ಟಿಕೊಳ್ಳಿ ಎಂದೆ. ಬಸರೀಕಟ್ಟೆ ಕಡೆಯವರು ಸೇರಿ ನಾಲ್ಕು ಜನ ಸರಿ ಎಂದರು. ಐದನೆಯವರು ಕಿಗ್ಗದ ಮೇಲಿನ ಹುಲ್ಲುಗುಡ್ಡದಲ್ಲಿದ್ದರು. ನನಗಿಂತ ಬಹಳ ಹಿರಿಯರು, ದಿನಗೂಲಿ ವಾಚರು. ನಾನು ಬಾಯಿ ತೆರೆಯುವ ಮೊದಲೇ ಅವರ ದನಿ ಬಂತು: "ಸಾರ್, ಹುಲ್ಲಿಗೆ ಬೆಂಕಿ ಬಿದ್ದಿದೆ. ನಾವು ಮೂರೇ ಜನ. ಗಾಳಿ ನಮ್ ಕಡೆಗೇ..."

ಅಷ್ಟೇ. ಮತ್ತೆ ಎಷ್ಟು ಕರೆದರೂ ಬರೀ ಮೌನ. ಜೀಪಿನಲ್ಲಿ ಜನ ಹೊರಟರು. ನಾನು ಸೆಟ್ಟಿನ ಮುಂದೆ ಕೂತು ಕರೆಯುತ್ತಲೇ ಇದ್ದೆ. ಏನು ಆಗಿದೆಯೆಂದು ಕಚೇರಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅವರಿಗೆ ಏನಾದರೂ ಆದರೆ ಕೊಂದವನು ನಾನೇ ಎಂದು ಲೆಕ್ಕವಿಲ್ಲದಷ್ಟು ಸಲ ಅಂದುಕೊಂಡೆ. ಊಟದ ಡಬ್ಬಿ ತೆರೆಯಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಜೀಪು ಬಂತು. ಆ ಹಿರಿಯ ವಾಚರು ತಾವೇ ಇಳಿದು ಒಳಗೆ ಬಂದರು. ಹುಬ್ಬು ಸುಟ್ಟಿತ್ತು, ಕಣ್ಣು ಕೆಂಡದಂತಿತ್ತು. ಟವೆಲಿನಲ್ಲಿ ಸುತ್ತಿಕೊಂಡು ತಂದ ಸೆಟ್ಟು, ಬ್ಯಾಟರಿ ಎರಡನ್ನೂ ಬಿಚ್ಚಿ ತೋರಿಸಿದರು.

"ನಾ ಬೀಳಿಸ್ಲಿಲ್ಲ ಸಾರ್, ದೇವ್ರಾಣೆ. ಮಾತಾಡ್ತಾ ಇದ್ದಂಗೇ ಬ್ಯಾಟ್ರಿ ಕಳಚ್ಕೊಂಡು ಹುಲ್ಲಲ್ಲಿ ಬಿತ್ತು. ಇಬ್ರನ್ನೂ ಕೆಳಗೆ ಓಡ್ಸಿ ನಾ ಹುಡ್ಕಕ್ಕೆ ನಿಂತೆ."

"ಬೆಂಕಿ ಬರ್ತಾ ಇದ್ರೂನಾ? ಎಂತಕ್ಕೆ ಮಾರಾಯ್ರೆ, ಬಿಟ್ಟು ಓಡೋದಲ್ವಾ?"

"ಸರ್ಕಾರದ ಸಾಮಾನಲ್ವಾ ಸಾರ್. ಕಳದ್ರೆ ನಾಳೆಯಿಂದ ನಂಗೆ ಕೆಲ್ಸ ಕೊಡ್ತಿದ್ರಾ?"

ಅವರ ಕೈ ತಪ್ಪಿ ಬಿದ್ದು ಒಡೆಯಿತು ಎಂದು ವರದಿ ಬರೆದರೆ ನಾನು ಪಾರು. ಆ ಯೋಚನೆ ಒಂದು ಗಳಿಗೆ ಬಂದದ್ದು ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಆ ಸುಟ್ಟ ಹುಬ್ಬು ನನ್ನ ಮುಂದೆಯೇ ನಿಂತಿತ್ತು.

"ತಪ್ಪು ನಿಮ್ದಲ್ಲ. ಉಣುಗಿನ ಎಣ್ಣೆ ಹಾಕಿ ಒರೆಸಿದ್ದು ನಾನು. ಅದೇ ಪ್ಲಾಸ್ಟಿಕ್ ತಿಂದಿದೆ. ಹಂಗೇ ಬರ್ದು ಕೊಡ್ತೀನಿ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬ್ಯಾಟರಿಯನ್ನು ಸೆಟ್ಟಿನ ಪಕ್ಕಕ್ಕೆ ಸರಿಸಿಟ್ಟು, "ಹಂಗಾದ್ರೆ ನನ್ ಕೆಲ್ಸ ಹೋಗಲ್ಲ ಅಲ್ವಾ ಸಾರ್?" ಎಂದರು.

ಹೋಗುವುದಿಲ್ಲ ಎಂದೆ. ಆಮೇಲೆಯೇ ಅವರು ಕುಡಿಯಲು ನೀರು ಕೇಳಿದ್ದು.