ಅತಿಥಿಯ ಭಾಷಣ ನಿಲ್ಲಿಸಿದ ದಿನ

ಕಡ್ಡಿರಾಂಪುರದಲ್ಲಿ ನಾವು ಒಂಬತ್ತು ಮಂದಿ ಹೆಂಗಸರು ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುತ್ತಿದ್ದೆವು. ಸಂಘದ ಕಾರ್ಯದರ್ಶಿ ನಾನು. ಒಂದು ದಿನ ಟಿವಿ ವರದಿಗಾರ್ತಿಯೊಬ್ಬಳು ಬಂದು ನನ್ನ ಮುಂದೆ ಮೈಕ್ ಹಿಡಿದು, "ಈ ಕೆಲಸ ಹೇಗೆ ಶುರುವಾಯಿತು?" ಎಂದು ಕೇಳಿದಳು. ತೋಟದಲ್ಲಿ ಕೊಳೆಯಲು ಬಿಟ್ಟ ಬಾಳೆದಿಂಡನ್ನು ನಾರಿಗಾಗಿ ಮೊದಲು ಸೀಳಿದವಳು ನಾನೇ. ಆದರೂ ಬಾಯಿಂದ "ಹೌದ್ರಿ... ಛಲೋ ಐತ್ರಿ" ಎಂದಷ್ಟೇ ಬಂತು. ಪಕ್ಕದಲ್ಲಿದ್ದ ತೋಟದ ಮಾಲೀಕರು ಮುಂದೆ ಬಂದು ಸಲೀಸಾಗಿ ಮಾತಾಡಿದರು. ಸಂಜೆ ಟಿವಿಯಲ್ಲಿ ಅವರ ಮುಖದ ಕೆಳಗೆ 'ಸಂಘದ ಸ್ಥಾಪಕರು' ಎಂದಿತ್ತು. ನಮ್ಮ ಹೆಂಗಸರು ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮುಂದಿನ ಭಾನುವಾರವೇ ಕಂಪ್ಲಿಗೆ ಹೋದೆ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ್ದ ಟೀಚರ್ ನಿವೃತ್ತರಾಗಿ ಅಲ್ಲಿದ್ದರು. "ನನಗ ಮಾತಾಡೋದು ಕಲಸ್ರಿ" ಎಂದೆ.

"ಮಾತು ಬರ್ತೈತಿ ನಿನಗ. ಶುರು ಮಾಡೋದು, ನಿಲ್ಸೋದು ಬರಂಗಿಲ್ಲ. ಕುಂದ್ರಬ್ಯಾಡ, ನಿಂತ್ಕಂಡು ಹೇಳು. ಒಂದೇ ಸಂಗತಿ ಹೇಳು."

ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅವರು ವರದಿಗಾರರಂತೆ ಅಡ್ಡ ಪ್ರಶ್ನೆ ಹಾಕುತ್ತಿದ್ದರು. ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೇ ಕೇಳಿಸುತ್ತಿದ್ದರು. ಮಾತುಮಾತಿಗೂ "ಅದೇನಂದ್ರ" ಎನ್ನುತ್ತಿದ್ದೆ; ಕೇಳಿ ನಾಚಿಕೆಯಾಯಿತು. ಅದನ್ನು ಬಿಡಲು ಎರಡು ತಿಂಗಳು ಬೇಕಾಯಿತು. ಮನೆಯಲ್ಲಿ ನಾರು ಬಿಡಿಸುತ್ತ ಗಟ್ಟಿಯಾಗಿ ಅಭ್ಯಾಸ ಮಾಡಿದರೆ ಅತ್ತೆ, "ಯಾರ ಜೋಡಿ ಜಗಳ ನಿಂದು?" ಎನ್ನುತ್ತಿದ್ದರು.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಎಂಬ ಕಾರಣಕ್ಕೆ ನನಗೆ ಸಂಡೂರಿನಲ್ಲಿ ಮಹಿಳಾ ಸಂಘಗಳ ಸಂವಾದ ನಡೆಸಿಕೊಡಲು ಕರೆ ಬಂತು. ಟೀಚರನ್ನೂ ಕೇಳದೆ ಒಪ್ಪಿಕೊಂಡೆ. ಅಲ್ಲಿ ಹತ್ತು ನಿಮಿಷ ಮಾತಾಡಬೇಕಿದ್ದ ಅತಿಥಿಯೊಬ್ಬರು ಅರ್ಧ ಗಂಟೆಯಾದರೂ ನಿಲ್ಲಿಸಲಿಲ್ಲ. ಕೆಳಗೆ ಕುರೆಕುಪ್ಪದ ಹೆಂಗಸೊಬ್ಬರು ಎತ್ತಿದ ಕೈ ಇಳಿಸದೆ ಕೂತಿದ್ದರು. ಸಮಯವಾಯಿತೆಂದು ಚೀಟಿ ಕಳಿಸಿದೆ, ಅತಿಥಿ ಅದನ್ನು ಜೇಬಿಗಿಟ್ಟುಕೊಂಡರು. ಆಗ ಎದ್ದು ಅವರ ಪಕ್ಕದಲ್ಲಿ ನಿಂತೆ. ಅವರು ನೀರು ಕುಡಿಯಲು ಲೋಟ ಎತ್ತಿದ್ದೇ ತಡ, "ಸರ್, ಮಾರುಕಟ್ಟೆ ಬಗ್ಗೆ ಭಾಳ ಹೇಳಿದ್ರಿ. ಈಗ ಮಾಡಿ ಮಾರೋರ ಮಾತು ಕೇಳೋಣ್ರಿ" ಎಂದೆ.

ಅವರು ಮುಖ ಗಂಟಿಕ್ಕಿಕೊಂಡು ಕೂತರು. ನಾನು ಮೈಕನ್ನು ಕೆಳಕ್ಕೆ, ಕೈ ಎತ್ತಿದ್ದವರಿಗೆ ದಾಟಿಸಿಬಿಟ್ಟೆ.

ಆ ಹೆಂಗಸು ಹೇಳಿದರು: "ಮಾರೋದು ಆಮ್ಯಾಲಿನ ಮಾತ್ರಿ. ಒಣಗಾಕಿದ ಹಪ್ಪಳದ ಮ್ಯಾಲ ಗಣಿ ಲಾರಿ ಧೂಳು ಕುಂದ್ರತೈತಿ. ಕೆಂಪು ಹಪ್ಪಳ ಯಾರ್ ತಗಂತಾರ? ಒಣಗ್ಸಾಕ ಒಂದು ಮುಚ್ಚಿದ ಜಾಗ ಕೊಡ್ರಿ."

ಸಭೆ ಎದ್ದು ಕೂತಿತು. ಒಬ್ಬರ ಹಿಂದೊಬ್ಬರು ಮಾತಾಡತೊಡಗಿದರು. ಇಬ್ಬರು ಒಟ್ಟಿಗೆ ಕೂಗಿದಾಗ ಸರದಿ ಹಚ್ಚಿದೆ, ವಿಷಯ ತಪ್ಪಿದಾಗ ಎಳೆದು ತಂದೆ. ಕೊನೆಗೆ ಆ ಅತಿಥಿಯೂ ಪೆನ್ನು ತೆಗೆದು ಬರೆದುಕೊಂಡರು. ಹಪ್ಪಳಕ್ಕೆ ಶೆಡ್ಡು ಸಿಗಲು ವರ್ಷವೇ ಹಿಡಿಯಿತು, ಆದರೆ ಸಿಕ್ಕಿತು.

ಈಗ ಹೊಸಪೇಟೆಯಿಂದಲೂ ಸಂವಾದ ನಡೆಸಲು ಕರೆಯುತ್ತಾರೆ. ಹೆದರಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಕರೆದ ಕಡೆಗೆಲ್ಲ ಹೋಗುತ್ತೇನೆ.