ಐನ್ ರುಮ್ಮಾನಿನ ಕೊನೆಯ ಗಂಡುಮೀನು

ಬೆಳಗಿನ ಐದು ಗಂಟೆ. ತ್ಲೆಮ್ಸೆನ್‌ನ ಸಾರ್ವಜನಿಕ ಸ್ನಾನಗೃಹವಾದ ಹಮಾಮಿಗೆ ಕೆಲಸಕ್ಕೆ ಹೊರಡುವ ಮುನ್ನ ಯಮೀನಾ ಅಡುಗೆಮನೆಯ ಗಾಜಿನ ತೊಟ್ಟಿಯಿಂದ, ಮೀನುಗಳು ಮೊಟ್ಟೆಯಿಡಲೆಂದು ಇಳಿಬಿಟ್ಟ ಉಣ್ಣೆಯ ಕುಚ್ಚೊಂದನ್ನು ಎತ್ತಿ, ಎಳೆ ಎಳೆಯಾಗಿ ಬಿಡಿಸುತ್ತಾರೆ. ಅದರಲ್ಲಿ ಅಂಟಿರುವ ಸಾಸಿವೆ ಗಾತ್ರದ ಮೊಟ್ಟೆಗಳನ್ನು ಬೆರಳಲ್ಲೇ ಆರಿಸುತ್ತಾರೆ. ಇಂದು ಒಂಬತ್ತು.

"ಒಂಚೂರು ತಡ ಆದ್ರೆ ಹೆತ್ತೋವೇ ನುಂಗಿಬಿಡ್ತವೆ. ನನಗೆ ಜ್ವರ ಬಂದ್ರೆ ಇವಕ್ಕೇನು?" ಎಂದು ಗೊಣಗುತ್ತಾರೆ.

ಐವತ್ತೆಂಟರ ಯಮೀನಾ ಹಗಲೆಲ್ಲ ಹಮಾಮಿನಲ್ಲಿ ಹೆಂಗಸರ ಬೆನ್ನು ತಿಕ್ಕುವವರು. ಹುಟ್ಟೂರಿನ ಐನ್ ರುಮ್ಮಾನ್ ಒರತೆ ಬತ್ತಿದಾಗ, ಕೊನೆಯ ಕೆಸರಿನಿಂದ ಕಿರುಬೆರಳುದ್ದದ ಹದಿನಾಲ್ಕು ಮೀನುಗಳನ್ನು ಹಾಲಿನ ಕ್ಯಾನಿನಲ್ಲಿ ಹೊತ್ತು ತಂದರು. ಆ ಜಾತಿ ಬೇರೆಲ್ಲೂ ಇಲ್ಲ. ಒಂದು ತೊಟ್ಟಿ ಕೆಟ್ಟರೆ ಇನ್ನೊಂದರಲ್ಲಾದರೂ ಉಳಿಯಲಿ ಎಂದು ಊರಿನ ಮೀನುಸಾಕುವವರ ಕ್ಲಬ್ಬಿನ ಆರು ಮನೆಗೆ ಪುಕ್ಕಟೆ ಹಂಚಿದರು. ಷರತ್ತು ಎರಡೇ: ವರ್ಷದೊಳಗೆ ಹತ್ತು ಮರಿ ವಾಪಸ್ ಕೊಡಬೇಕು, ಬೇರೆ ಒರತೆಯ ಮೀನಿನೊಂದಿಗೆ ಬೆರೆಸಬಾರದು. ಒಬ್ಬರ ಮನೆಯಲ್ಲಿ ಬೆಕ್ಕು ತಿಂದಿತು. ಇನ್ನೊಬ್ಬರು ರಂಜಾನಿಗೆಂದು ತೊಟ್ಟಿಯನ್ನು ಸಾಬೂನು ಹಾಕಿ ತೊಳೆದರು. ಮೂವರು ಸಾಯಿಸಿ ಸುಮ್ಮನಾದರು, ಈಗ ಫೋನೇ ಎತ್ತುವುದಿಲ್ಲ. ಉಳಿದದ್ದು ಕ್ಷೌರಿಕ ಲಖ್ದರ್ ಒಬ್ಬ.

ಯಮೀನಾರ ತೊಟ್ಟಿಯಲ್ಲಿ ಈಗಿರುವುದು ಒಂದೇ ಗಂಡು, ಅದೂ ಮುದಿ. ಮರಿಗಳಲ್ಲಿ ಇನ್ನೊಂದು ಗಂಡು ಬೆಳೆಯುವ ಮುನ್ನ ಅದು ಸತ್ತರೆ ವಂಶ ಮುಗಿಯಿತು. ಹೀಗಾಗಿ ಕಳೆದ ಶುಕ್ರವಾರ ಲಖ್ದರ್ ಬಕೆಟ್ ಹಿಡಿದು ಬಂದಾಗ ಅವರಿಗೆ ಹೋದ ಜೀವ ಬಂದಂತಾಯಿತು.

"ಹತ್ತು ಕೇಳಿದ್ರಿ, ಅರವತ್ತು ತಂದಿದೀನಿ ಖಾಲ್ತಿ!" ಎಂದ, ಚಿಕ್ಕಮ್ಮನನ್ನು ಕರೆಯುವಂತೆ.

ಯಮೀನಾ ಬಗ್ಗಿ ನೋಡಿದರು. "ರೆಕ್ಕೇಲಿ ಈ ಹಳದಿ ಎಲ್ಲಿಂದ ಬಂತೋ?"

"ಗಂಡು ಸತ್ತೋಯ್ತು. ಪಾಪ, ಹೆಣ್ಣು ಒಂಟಿ ಅಲ್ವಾ ಅಂತ ಬೇರೆ ಒರತೇದೊಂದು ತಂದು ಬಿಟ್ಟೆ. ಇನ್ನೂ ಚೆಂದ ಕಾಣ್ತವೆ, ಅಲ್ವಾ?"

"ಮದುವೆ ದಲ್ಲಾಳಿ ಆಗು ಅಂತ ನಾನು ಹೇಳಿದ್ನಾ ನಿನಗೆ? ಅರವತ್ತರಲ್ಲಿ ಒಂದೂ ನನ್ನೂರಿಂದಲ್ಲ! ತಗೊಂಡು ನಡಿ ಆಚೆ!"

ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಇಂದಿನ ಒಂಬತ್ತು ಮೊಟ್ಟೆಗಳನ್ನು ಒದ್ದೆ ಉಣ್ಣೆಯಲ್ಲಿ ಸುತ್ತಿ, ಮಾತ್ರೆಯ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಒರತೆಯ ಹೆಸರು ಬರೆಯುತ್ತಾರೆ. ಹೋಗುವ ದಾರಿಯಲ್ಲಿ ಲಖ್ದರ್‌ನ ಅಂಗಡಿಗೆ ಕೊಡಬೇಕು.

ಮತ್ತೆ ಅವನಿಗೇ ಯಾಕೆ ಎಂದು ಕೇಳಿದರೆ ಯಮೀನಾರ ಉತ್ತರ ಸಿದ್ಧ:

"ಇನ್ಯಾರಿಗೆ ಕೊಡ್ಲಿ? ಬುದ್ಧಿ ಇರೋರೆಲ್ಲ ಸಾಯಿಸಿದ್ರು. ಈ ಕತ್ತೆ ಒಬ್ನೇ ಅರವತ್ತು ಬದುಕಿಸಿದ್ದು."

ಚಪ್ಪಲಿ ಮೆಟ್ಟಿಕೊಂಡವರು ಬಾಗಿಲಲ್ಲಿ ನಿಂತು ತೊಟ್ಟಿಯತ್ತ ತಿರುಗುತ್ತಾರೆ. ಮುದಿ ಗಂಡು ಕುಚ್ಚಿನ ಸುತ್ತ ನಿಧಾನಕ್ಕೆ ಸುತ್ತುತ್ತಿದೆ.

"ಆ ಒರತೇಲಿ ಒಂದ್ಸಲ ನೀರು ಬರ್ಲಿ. ಇಷ್ಟನ್ನೂ ಅಲ್ಲೇ ಸುರಿದು ಬಂದು, ಒಂದಿನ ಬಿಸಿಲೇರೋ ತನಕ ಮಲಗ್ತೀನಿ."